ಒಬ್ಬನ ಸಹಿ, ಎಲ್ಲರ ನೆಲ

1825ರ ಏಪ್ರಿಲ್ 30ರ ನಸುಕು. ಅಮೆರಿಕದ ಜಾರ್ಜಿಯಾ ರಾಜ್ಯದ ಪಶ್ಚಿಮ ಅಂಚಿನಲ್ಲಿ, ಚಾಟಹೂಚಿ ನದಿಯ ದಂಡೆಯ ಮೇಲಿದ್ದ ಒಂದು ತೋಟದ ಮನೆಯನ್ನು ನೂರಕ್ಕೂ ಹೆಚ್ಚು ಶಸ್ತ್ರಧಾರಿಗಳು ಸುತ್ತುವರಿದರು. ಬಿಳಿಯ ಅತಿಥಿಗಳು, ಹೆಂಗಸರು ಮತ್ತು ಮಕ್ಕಳಿಗೆ ಹೊರಬರಲು ಅವಕಾಶವಾಯಿತು. ಮನೆಗೆ ಬೆಂಕಿ ಬಿತ್ತು. ಒಳಗಿದ್ದ ಯಜಮಾನ ಗುಂಡುಗಳಿಗೆ ಬಲಿಯಾದ. ಅವನ ಹೆಸರು ವಿಲಿಯಂ ಮ್ಯಾಕಿಂಟಾಷ್. ಕ್ರೀಕ್ ಜನಾಂಗದ ಪ್ರಭಾವಿ ನಾಯಕನಾಗಿದ್ದ ಅವನು ಅಮೆರಿಕದ ಸೇನೆಯೊಡನೆ ಹೋರಾಡಿ ಬ್ರಿಗೇಡಿಯರ್ ಜನರಲ್ ಪದವಿ ಪಡೆದಿದ್ದವನು. ಅವನನ್ನು ಕೊಲ್ಲಲು ಬಂದವರು ದರೋಡೆಕೋರರಲ್ಲ, ಬಿಳಿಯರೂ ಅಲ್ಲ, ಅವನದೇ ಜನ. ಅವರು ಜಾರಿಗೆ ತಂದದ್ದು ಸ್ವತಃ ಅವನೇ ಒಪ್ಪಿದ್ದ ಕಾನೂನನ್ನು. ರಾಷ್ಟ್ರೀಯ ಸಭೆಯ ಸಮ್ಮತಿಯಿಲ್ಲದೆ ಜನಾಂಗದ ನೆಲವನ್ನು ಮಾರುವವನಿಗೆ ಮರಣವೇ ಶಿಕ್ಷೆ ಎಂಬುದು ಆ ಕಾನೂನು.

ಮ್ಯಾಕಿಂಟಾಷ್‌ನನ್ನು ದ್ರೋಹಿ ಎಂದು ಕರೆದು ಪುಟ ಮಡಚುವುದು ಸುಲಭ. ದೂರದೃಷ್ಟಿಯ ವಾಸ್ತವವಾದಿ ಎಂದು ಅವನನ್ನು ಸಮರ್ಥಿಸಿಕೊಂಡವರೂ ಉಂಟು. ಈ ಎರಡು ತೀರ್ಪುಗಳ ನಡುವೆ ಮರೆಯಾಗುವ ಒಂದು ಪ್ರಶ್ನೆಯೇ ನನಗೆ ಮುಖ್ಯವೆನಿಸುತ್ತದೆ: ಒಂದು ಸಮುದಾಯದ ಪರವಾಗಿ ಸಹಿ ಹಾಕುವ ಹಕ್ಕು ಯಾರಿಗಿದೆ, ಮತ್ತು ಆ ಹಕ್ಕಿಲ್ಲದವನ ಸಹಿಯನ್ನು ತಿಳಿದೂ ಸ್ವೀಕರಿಸುವ ಸರ್ಕಾರದ ಹೊಣೆ ಎಷ್ಟು?

ಕ್ರೀಕ್ ಎಂಬುದು ಇಂಗ್ಲಿಷರು ಇಟ್ಟ ಹೆಸರು. ಅವರು ತಮ್ಮನ್ನು ಮಸ್ಕೋಗಿ ಎಂದು ಕರೆದುಕೊಳ್ಳುತ್ತಾರೆ. ಇಂದಿನ ಜಾರ್ಜಿಯಾ ಮತ್ತು ಅಲಬಾಮಾ ರಾಜ್ಯಗಳ ನದಿ ಕಣಿವೆಗಳಲ್ಲಿ ಹರಡಿಕೊಂಡಿದ್ದ ಅನೇಕ ಊರುಗಳ ಒಕ್ಕೂಟ ಅದು. ಪ್ರತಿ ಊರಿಗೂ ತನ್ನದೇ ಮುಖಂಡ, ತನ್ನದೇ ಸಭಾಂಗಣ. ಎಲ್ಲರನ್ನೂ ಆಳುವ ಅರಸನೆಂಬುವನು ಇರಲಿಲ್ಲ. ಕೂಸಾ ಮತ್ತು ತಲಪೂಸಾ ನದಿಗಳ ಬದಿಯವರು ಮೇಲಿನ ಕ್ರೀಕರು. ಚಾಟಹೂಚಿ, ಫ್ಲಿಂಟ್ ನದಿಗಳ ಬದಿಯವರು ಕೆಳಗಿನ ಕ್ರೀಕರು. ನೆಲ ಯಾರೊಬ್ಬರ ಸೊತ್ತೂ ಆಗಿರಲಿಲ್ಲ.

ಕೆಳಗಿನ ಕ್ರೀಕರ ಮುಖ್ಯ ಊರಾದ ಕೊವೆಟಾದಲ್ಲಿ, 1770ರ ದಶಕದ ಉತ್ತರಾರ್ಧದಲ್ಲಿ ಮ್ಯಾಕಿಂಟಾಷ್ ಹುಟ್ಟಿದ. ತಂದೆ ಸ್ಕಾಟ್ ಮೂಲದ ಸೈನ್ಯಾಧಿಕಾರಿ, ತಾಯಿ ಪ್ರತಿಷ್ಠಿತ ಗಾಳಿ ಕುಲದ ಕ್ರೀಕ್ ಹೆಣ್ಣು. ಕ್ರೀಕರಲ್ಲಿ ಕುಲ ಬರುವುದು ತಾಯಿಯಿಂದ. ಆದ್ದರಿಂದ ತಂದೆ ಯಾರೇ ಆಗಿರಲಿ, ಅವನು ಸಂಪೂರ್ಣ ಕ್ರೀಕನೇ. ಬಿಳಿಯರ ಲೆಕ್ಕ ಬೇರೆಯಾಗಿತ್ತು. ಅವರ ಕಣ್ಣಿಗೆ ಅವನು ಅರ್ಧ ತಮ್ಮವನು. ಮುಂದೆ ಜಾರ್ಜಿಯಾದ ಗವರ್ನರ್ ಆದ ಜಾರ್ಜ್ ಟ್ರೂಪ್ ಅವನ ಸೋದರತ್ತೆಯ ಮಗ. ಎರಡು ಭಾಷೆ, ಎರಡು ಬಗೆಯ ಉಡುಪು, ಎರಡೂ ಕಡೆ ಬಂಧುಬಳಗ. ಎರಡು ಲೋಕಗಳ ನಡುವೆ ಸೇತುವೆಯಾಗಬಲ್ಲ ಇಂಥವನನ್ನೇ ಅಮೆರಿಕದ ಸರ್ಕಾರ ಹುಡುಕುತ್ತಿತ್ತು.

1796ರಲ್ಲಿ ಬೆಂಜಮಿನ್ ಹಾಕಿನ್ಸ್ ಎಂಬಾತ ಕ್ರೀಕರ ನಡುವೆ ಸರ್ಕಾರದ ಪ್ರತಿನಿಧಿಯಾಗಿ ಬಂದ. ಬೇಟೆ ಬಿಡಿ, ನೇಗಿಲು ಹಿಡಿಯಿರಿ, ದನ ಸಾಕಿರಿ, ಹತ್ತಿ ನೂಲಿ ಎಂದು ಆತ ಬೋಧಿಸಿದ. ಊರೂರಿನ ಮುಖಂಡರನ್ನು ಒಂದು ರಾಷ್ಟ್ರೀಯ ಸಭೆಯ ಕೆಳಗೆ ತರಲು, ಅದರ ತೀರ್ಮಾನಗಳನ್ನು ಜಾರಿಗೊಳಿಸುವ ಕಾನೂನುಪಾಲಕರ ದಳ ಕಟ್ಟಲು ಒತ್ತಾಯಿಸಿದ. ಹಾಕಿನ್ಸ್‌ಗೆ ಕ್ರೀಕರ ಮೇಲೆ ನಿಜವಾದ ಪ್ರೀತಿಯಿತ್ತೆಂದು ನಂಬಲು ಕಾರಣಗಳಿವೆ. ಆದರೆ ಬೇಟೆಯನ್ನು ಬಿಟ್ಟವರಿಗೆ ಬೇಟೆಯ ಕಾಡು ಬೇಡವಾಗುತ್ತದೆ, ಬೇಡವಾದದ್ದನ್ನು ಕೊಳ್ಳಬಹುದು ಎಂಬ ಲೆಕ್ಕಾಚಾರವೂ ಆ ನೀತಿಯ ಒಳಗಿತ್ತು. ಹೊಸ ವ್ಯವಸ್ಥೆ ಕೆಲವರನ್ನು ಸಿರಿವಂತರನ್ನಾಗಿಸಿತು. ಮ್ಯಾಕಿಂಟಾಷ್ ಅವರಲ್ಲೊಬ್ಬ. ತೋಟ, ದನಕರು, ಅಂಗಡಿ, ನದಿ ದಾಟಿಸುವ ದೋಣಿಕಟ್ಟೆ, ಜೊತೆಗೆ ಹತ್ತಾರು ಕರಿಯ ಗುಲಾಮರು. ನೆರೆಯ ಬಿಳಿಯ ಜಮೀನ್ದಾರರಿಗೂ ಅವನಿಗೂ ಬದುಕಿನ ರೀತಿಯಲ್ಲಿ ಹೆಚ್ಚಿನ ವ್ಯತ್ಯಾಸ ಉಳಿಯಲಿಲ್ಲ.

ಈ ಬದಲಾವಣೆಯನ್ನು ಮೇಲಿನ ಕ್ರೀಕರಲ್ಲಿ ಹಲವರು ಅನುಮಾನದಿಂದ ನೋಡಿದರು. 1811ರಲ್ಲಿ ಶಾನೀ ಜನಾಂಗದ ನಾಯಕ ಟೆಕಂಸೆ ಉತ್ತರದಿಂದ ಬಂದು, ಎಲ್ಲ ಮೂಲನಿವಾಸಿಗಳೂ ಒಂದಾಗಿ ನೆಲ ಉಳಿಸಿಕೊಳ್ಳಬೇಕೆಂದು ಕರೆಕೊಟ್ಟ. ಪ್ರವಾದಿಗಳು ಎದ್ದರು, ಬಿಳಿಯರ ಬಟ್ಟೆ, ನೂಲುವ ಚರಕ, ಸಾಕಿದ ದನ ಎಲ್ಲವನ್ನೂ ತ್ಯಜಿಸಲು ಹೇಳಿದರು. ಬಿಳಿಯ ವಲಸಿಗರನ್ನು ಕೊಂದ ಕೆಲವು ಕ್ರೀಕರಿಗೆ ಹಾಕಿನ್ಸ್‌ನ ಒತ್ತಾಯದ ಮೇರೆಗೆ ರಾಷ್ಟ್ರೀಯ ಸಭೆಯೇ ಮರಣದಂಡನೆ ವಿಧಿಸಿದಾಗ ಒಡಕು ಅಂತರ್ಯುದ್ಧವಾಯಿತು. ಪ್ರವಾದಿಗಳ ಪಕ್ಷಕ್ಕೆ ಕೆಂಪು ಕೋಲಿನವರೆಂಬ ಹೆಸರು ಬಂತು. ಅಣ್ಣತಮ್ಮಂದಿರ ಈ ಜಗಳದೊಳಕ್ಕೆ 1813ರಲ್ಲಿ ಅಮೆರಿಕದ ಸೇನೆ ಪ್ರವೇಶಿಸಿತು.

ಮ್ಯಾಕಿಂಟಾಷ್ ಅಮೆರಿಕದ ಪರ ನಿಂತ. 1814ರ ಮಾರ್ಚ್ 27ರಂದು, ತಲಪೂಸಾ ನದಿ ಕುದುರೆ ಲಾಳದಂತೆ ಬಾಗುವ ಹಾರ್ಸ್‌ಶೂ ಬೆಂಡ್‌ನಲ್ಲಿ ಆಂಡ್ರ್ಯೂ ಜಾಕ್ಸನ್‌ನ ಸೇನೆ ಕೆಂಪು ಕೋಲಿನವರನ್ನು ಮುತ್ತಿತು. ಜಾಕ್ಸನ್ ಜೊತೆ ಚೆರೋಕಿ ಯೋಧರೂ ಮ್ಯಾಕಿಂಟಾಷ್‌ನ ಕ್ರೀಕರೂ ಇದ್ದರು. ಎಂಟುನೂರಕ್ಕೂ ಹೆಚ್ಚು ಕೆಂಪು ಕೋಲಿನವರು ಅಂದು ಸತ್ತರು. ಅವರ ಮುಂದಾಳುಗಳಲ್ಲೊಬ್ಬನಾದ ಮೆನಾವ ಮೈತುಂಬ ಗಾಯಗಳೊಂದಿಗೆ ತಪ್ಪಿಸಿಕೊಂಡ. ಈ ಹೆಸರು ಮತ್ತೆ ಬರುತ್ತದೆ.

ಅದೇ ವರ್ಷದ ಆಗಸ್ಟ್ 9ರಂದು ಫೋರ್ಟ್ ಜಾಕ್ಸನ್ ಒಪ್ಪಂದವಾಯಿತು. ಕ್ರೀಕರು ಎರಡು ಕೋಟಿ ಎಕರೆಗೂ ಹೆಚ್ಚು ನೆಲವನ್ನು ಬಿಟ್ಟುಕೊಡಬೇಕಾಯಿತು. ಸೋತ ಶತ್ರುಗಳಿಂದ ನೆಲ ಕಿತ್ತುಕೊಳ್ಳುವುದು ಯುದ್ಧದ ಹಳೆಯ ಕ್ರಮ. ಇಲ್ಲಿ ಹೋದ ನೆಲದ ದೊಡ್ಡ ಭಾಗ ಅಮೆರಿಕದ ಪರವಾಗಿ ಹೋರಾಡಿದ ಕ್ರೀಕರದೇ ಆಗಿತ್ತು. ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿಯೂ ಬಹುಪಾಲು ಮಂದಿ ಮಿತ್ರರೇ. ಅಮೆರಿಕದ ಸ್ನೇಹದ ಬೆಲೆಯೇನೆಂದು ಮ್ಯಾಕಿಂಟಾಷ್ ಅಂದೇ ಅರಿಯಬಹುದಿತ್ತು. ಅವನು ಅದರಿಂದ ಬೇರೆಯೇ ಪಾಠ ಕಲಿತನೆಂದು ತೋರುತ್ತದೆ: ಈ ಬಲಕ್ಕೆ ಎದುರು ನಿಲ್ಲುವುದು ಸಾಧ್ಯವಿಲ್ಲ, ಅದರ ಪಕ್ಕದಲ್ಲಿ ನಿಂತು ಸಿಕ್ಕಷ್ಟು ಪಡೆಯಬೇಕು.

ಅವನು ಪಕ್ಕದಲ್ಲೇ ನಿಂತ. 1816ರಲ್ಲಿ, ತಪ್ಪಿಸಿಕೊಂಡ ಗುಲಾಮರು ಆಶ್ರಯ ಪಡೆದಿದ್ದ ಫ್ಲಾರಿಡಾದ ಕೋಟೆಯೊಂದನ್ನು ನಾಶಮಾಡಿದ ಕಾರ್ಯಾಚರಣೆಯಲ್ಲಿ ಅವನ ಪಡೆ ಇತ್ತು. 1818ರಲ್ಲಿ ಸೆಮಿನೋಲರ ವಿರುದ್ಧ ಜಾಕ್ಸನ್ ನಡೆಸಿದ ಯುದ್ಧದಲ್ಲಿಯೂ ಅವನು ಕ್ರೀಕ್ ಪಡೆಯ ದಂಡನಾಯಕ. ಜಾರ್ಜಿಯಾದ ಮಾಜಿ ಗವರ್ನರ್ ಡೇವಿಡ್ ಮಿಚೆಲ್ ಕ್ರೀಕರ ನಡುವೆ ಸರ್ಕಾರದ ಪ್ರತಿನಿಧಿಯಾಗಿ ಬಂದಾಗ ಇಬ್ಬರೂ ವ್ಯಾಪಾರದಲ್ಲಿ ಜೊತೆಗೂಡಿದರು. ಜನಾಂಗಕ್ಕೆ ವಾರ್ಷಿಕವಾಗಿ ಬರುತ್ತಿದ್ದ ಹಣ ಅಂಗಡಿಯ ಸಾಲದ ಲೆಕ್ಕದಲ್ಲಿ ಮತ್ತೆ ಅವರ ಕೈಗೇ ಸೇರುತ್ತಿತ್ತು.

ಇತ್ತ ಜಾರ್ಜಿಯಾ ತಾಳ್ಮೆ ಕಳೆದುಕೊಳ್ಳುತ್ತಿತ್ತು. ತನ್ನ ಪಶ್ಚಿಮದ ಭೂಭಾಗವನ್ನು ಒಕ್ಕೂಟ ಸರ್ಕಾರಕ್ಕೆ ಬಿಟ್ಟುಕೊಟ್ಟ ಜಾರ್ಜಿಯಾ, ಅದಕ್ಕೆ ಪ್ರತಿಯಾಗಿ 1802ರಲ್ಲಿ ಒಂದು ವಾಗ್ದಾನ ಪಡೆದಿತ್ತು. ರಾಜ್ಯದ ಎಲ್ಲೆಯೊಳಗೆ ಮೂಲನಿವಾಸಿಗಳಿಗಿರುವ ಭೂಹಕ್ಕನ್ನು ಒಕ್ಕೂಟ ಸರ್ಕಾರ ಶಾಂತಿಯಿಂದ, ನ್ಯಾಯವಾದ ಷರತ್ತುಗಳ ಮೇಲೆ ಕೊನೆಗಾಣಿಸಬೇಕು. ಹೀಗೆ ತನ್ನದಲ್ಲದ ನೆಲವನ್ನು ಕೊಡಿಸುವುದಾಗಿ ಮಾತುಕೊಟ್ಟ ಸರ್ಕಾರಕ್ಕೆ ಒಪ್ಪಂದಗಳು ಬೇಕಾಗಿದ್ದವು. ಹತ್ತಿಯ ಬೆಲೆ, ಲಾಟರಿ ಎತ್ತಿ ಜಮೀನು ಹಂಚುತ್ತಿದ್ದ ರಾಜ್ಯದ ಪದ್ಧತಿ, ಮತದಾರರ ಆಸೆ ಎಲ್ಲವೂ ಆ ಒತ್ತಡವನ್ನು ಹೆಚ್ಚಿಸಿದವು.

1821ರಲ್ಲಿ ಇಂಡಿಯನ್ ಸ್ಪ್ರಿಂಗ್ಸ್ ಎಂಬಲ್ಲಿ ಆದ ಮೊದಲ ಒಪ್ಪಂದದಲ್ಲಿ ಓಕ್ಮಲ್ಗೀ ಮತ್ತು ಫ್ಲಿಂಟ್ ನದಿಗಳ ನಡುವಿನ ನೆಲ ಹೋಯಿತು. ಮ್ಯಾಕಿಂಟಾಷ್‌ನ ಸ್ವಾಧೀನದಲ್ಲಿದ್ದ ಜಾಗವನ್ನು ಒಳಗೊಂಡಂತೆ 640 ಎಕರೆ ಅದರಿಂದ ಹೊರಗುಳಿಯಿತು. ಅಲ್ಲಿನ ಬುಗ್ಗೆಯ ಬಳಿ ಅವನು ಪ್ರವಾಸಿಗರಿಗೆಂದು ಹೋಟೆಲನ್ನೂ ಕಟ್ಟಿಸಿದ. 1823ರಲ್ಲಿ ಅವನು ನೆರೆಯ ಚೆರೋಕಿಗಳ ಸಭೆಗೆ ಹೋಗಿ, ನೆಲ ಮಾರಲು ಒಪ್ಪಿದರೆ ಹಣ ಕೊಡಿಸುವುದಾಗಿ ಅವರ ನಾಯಕ ಜಾನ್ ರಾಸ್‌ಗೆ ಗುಟ್ಟಾಗಿ ಪತ್ರ ಬರೆದ. ರಾಸ್ ಆ ಪತ್ರವನ್ನು ತುಂಬಿದ ಸಭೆಯಲ್ಲಿ ಓದಿಸಿದ. ಮ್ಯಾಕಿಂಟಾಷ್ ತಲೆ ತಗ್ಗಿಸಿ ಹೊರಟುಹೋಗಬೇಕಾಯಿತು.

ನೆಲ ಕರಗುತ್ತಿರುವುದನ್ನು ಕಂಡ ಕ್ರೀಕರ ರಾಷ್ಟ್ರೀಯ ಸಭೆ, ನೆಲ ಮಾರಿದವನಿಗೆ ಮರಣವೆಂಬ ಕಾನೂನನ್ನು 1824ರಲ್ಲಿ ಮತ್ತೆ ದೃಢಪಡಿಸಿತು. ಹಿಂದೆ ಈ ಕಾನೂನಿಗೆ ದನಿಗೂಡಿಸಿದವರಲ್ಲಿ ಮ್ಯಾಕಿಂಟಾಷನೂ ಇದ್ದ. ಆ ವರ್ಷದ ಡಿಸೆಂಬರ್‌ನಲ್ಲಿ ಸರ್ಕಾರದ ಆಯುಕ್ತರು ಬ್ರೋಕನ್ ಆ್ಯರೋ ಎಂಬಲ್ಲಿ ಸಭೆಯನ್ನು ಭೇಟಿಯಾಗಿ ನೆಲ ಕೇಳಿದರು. ಸಭೆ ಖಡಾಖಂಡಿತವಾಗಿ ನಿರಾಕರಿಸಿತು. ನ್ಯಾಯವಾಗಿ ಮಾತುಕತೆ ಅಲ್ಲಿಗೆ ಮುಗಿಯಬೇಕಿತ್ತು.

ಆಯುಕ್ತರು ಬಿಡಲಿಲ್ಲ. 1825ರ ಫೆಬ್ರವರಿಯಲ್ಲಿ ಮ್ಯಾಕಿಂಟಾಷ್‌ನ ಇಂಡಿಯನ್ ಸ್ಪ್ರಿಂಗ್ಸ್‌ನಲ್ಲೇ ಇನ್ನೊಂದು ಸಭೆ ಸೇರಿಸಿದರು. ಮೇಲಿನ ಕ್ರೀಕರ ಪರವಾಗಿ ಬಂದ ಒಪೊತ್ಲೆಯಹೋಲ ಎಂಬ ವಾಗ್ಮಿ, ಇಲ್ಲಿ ಸೇರಿದವರಿಗೆ ನೆಲ ಮಾರುವ ಅಧಿಕಾರವಿಲ್ಲವೆಂದು ಎಚ್ಚರಿಸಿದ. ಆದರೂ ಫೆಬ್ರವರಿ 12ರಂದು ಮ್ಯಾಕಿಂಟಾಷ್ ಮತ್ತು ಅವನ ಬಣದವರು ಸಹಿ ಹಾಕಿದರು. ಐವತ್ತಕ್ಕೂ ಹೆಚ್ಚು ಊರುಗಳ ಪೈಕಿ ಅಲ್ಲಿದ್ದದ್ದು ಬೆರಳೆಣಿಕೆಯ ಊರುಗಳ ಮುಖಂಡರು ಮಾತ್ರ. ಜಾರ್ಜಿಯಾದಲ್ಲಿ ಉಳಿದಿದ್ದ ಎಲ್ಲ ನೆಲ, ಜೊತೆಗೆ ಅಲಬಾಮಾದ ಒಂದಿಷ್ಟು ಹೋಯಿತು. ಪ್ರತಿಯಾಗಿ ಮಿಸಿಸಿಪ್ಪಿ ನದಿಯಾಚೆ ಅಷ್ಟೇ ವಿಸ್ತಾರದ ನೆಲ ಮತ್ತು 4 ಲಕ್ಷ ಡಾಲರ್. ಮ್ಯಾಕಿಂಟಾಷ್‌ನ ಸ್ವಂತ ಜಾಗಗಳಿಗೆ ಪ್ರತ್ಯೇಕವಾಗಿ 25 ಸಾವಿರ ಡಾಲರ್. ಸರ್ಕಾರದ ಪ್ರತಿನಿಧಿಯಾಗಿ ಅಲ್ಲಿದ್ದ ಜಾನ್ ಕ್ರೋವೆಲ್, ಈ ಒಪ್ಪಂದಕ್ಕೆ ಜನಾಂಗದ ಸಮ್ಮತಿಯಿಲ್ಲ ಎಂದು ವಾಷಿಂಗ್ಟನ್ನಿಗೆ ತಕ್ಷಣವೇ ಬರೆದ. ಸೆನೆಟ್ ಒಪ್ಪಿಗೆ ಕೊಟ್ಟಿತು. ಅಧಿಕಾರಕ್ಕೆ ಬಂದ ಕೆಲವೇ ದಿನಗಳಲ್ಲಿ, ಮಾರ್ಚ್ 7ರಂದು ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಅದಕ್ಕೆ ಅಂಕಿತ ಹಾಕಿದ.

ಗವರ್ನರ್ ಟ್ರೂಪ್ ಗಡುವಿಗೂ ಕಾಯದೆ ಭೂಮಾಪನಕ್ಕೆ ಮುಂದಾದ. ಮ್ಯಾಕಿಂಟಾಷ್ ಒಪ್ಪಿಗೆ ಕೊಟ್ಟ. ರಾಷ್ಟ್ರೀಯ ಸಭೆ ಅವನಿಗೆ ಮರಣದಂಡನೆ ವಿಧಿಸಿತು. ಕಾನೂನುಪಾಲಕರ ದಳವನ್ನು ನಡೆಸಿಕೊಂಡು ಬಂದವನು ಹಾರ್ಸ್‌ಶೂ ಬೆಂಡ್‌ನಲ್ಲಿ ಬದುಕುಳಿದಿದ್ದ ಅದೇ ಮೆನಾವ. ಒಂದು ಕಾಲದಲ್ಲಿ ರಾಷ್ಟ್ರೀಯ ಸಭೆಯ ವಿರುದ್ಧ ದಂಗೆಯೆದ್ದಿದ್ದವನು ಈಗ ಅದೇ ಸಭೆಯ ಆಜ್ಞೆಯನ್ನು ಹೊತ್ತು ಬಂದಿದ್ದ. ಇದನ್ನು ಕೇವಲ ಹಳೆಯ ಸೇಡು ಎಂದು ನೋಡುವುದು ತಪ್ಪಾದೀತು. ಹನ್ನೊಂದು ವರ್ಷಗಳ ಹಿಂದೆ ಎದುರುಬದುರು ನಿಂತಿದ್ದ ಬಣಗಳು ನೆಲದ ಪ್ರಶ್ನೆಯಲ್ಲಿ ಒಂದಾಗಿದ್ದವು. ಬಿಳಿಯರನ್ನು ಮುಟ್ಟದೆ, ತೀರ್ಪಿಗೆ ಒಳಗಾದವರನ್ನಷ್ಟೇ ದಂಡಿಸಿದ ರೀತಿಯೂ ಇದು ಗುಂಪಿನ ಹುಚ್ಚಾಟವಲ್ಲ, ನ್ಯಾಯದಾನವೆಂದು ಅವರು ತಿಳಿದಿದ್ದರು ಎನ್ನುವುದನ್ನು ಸೂಚಿಸುತ್ತದೆ. ಆದರೂ ಆ ನ್ಯಾಯ ಕ್ರೂರವಾಗಿತ್ತು. ಮ್ಯಾಕಿಂಟಾಷ್‌ನ ಪತ್ನಿಯರಿಗೆ ಉಟ್ಟ ಬಟ್ಟೆಯ ಹೊರತು ಹೆಚ್ಚೇನೂ ಉಳಿಯಲಿಲ್ಲ. ಅವನ ಅಳಿಯನನ್ನು ಅದೇ ದಿನ ಗಲ್ಲಿಗೇರಿಸಲಾಯಿತು.

ಮುಂದಿನದು ಅಪೂರ್ವ. ಒಪೊತ್ಲೆಯಹೋಲನ ನಿಯೋಗ ವಾಷಿಂಗ್ಟನ್ನಿಗೆ ಹೋಗಿ ಒಪ್ಪಂದದ ಮೋಸವನ್ನು ವಿವರಿಸಿತು. 1826ರ ಜನವರಿ 24ರಂದು ಹೊಸ ಒಪ್ಪಂದವಾಗಿ, ಹಳೆಯದು ಅನೂರ್ಜಿತವಾಯಿತು. ಮೂಲನಿವಾಸಿಗಳೊಡನೆ ಮಾಡಿಕೊಂಡು ಸೆನೆಟ್ ಅನುಮೋದಿಸಿದ ಒಪ್ಪಂದವೊಂದನ್ನು ಅಮೆರಿಕ ಹೀಗೆ ತಾನೇ ರದ್ದುಪಡಿಸಿದ್ದು ಅದೊಂದೇ ಬಾರಿ. ಆದರೆ ಅನ್ಯಾಯವೆಂದು ಒಪ್ಪಿಕೊಂಡ ಸರ್ಕಾರ ನೆಲವನ್ನು ಹಿಂದಿರುಗಿಸಲಿಲ್ಲ. ಹೊಸ ಒಪ್ಪಂದದಲ್ಲೂ ಜಾರ್ಜಿಯಾದ ಬಹುಪಾಲು ನೆಲ ಹೋಯಿತು. ಬೆಲೆ ಮತ್ತು ಸಹಿಗಳಷ್ಟೇ ಬದಲಾದವು. ಟ್ರೂಪ್ ಹಳೆಯ ಒಪ್ಪಂದವೇ ಸರಿಯೆಂದು ಹಟ ಹಿಡಿದು ಸೈನ್ಯದ ಬೆದರಿಕೆ ಹಾಕಿದ. ಆಡಮ್ಸ್ ಹಿಂಜರಿದ. 1827ರಲ್ಲಿ ಉಳಿದ ತುಂಡೂ ಹೋಯಿತು. ಅಲಬಾಮಾದ ಕ್ರೀಕರ ಸರದಿ 1832ರ ಒಪ್ಪಂದದೊಂದಿಗೆ ಬಂತು. 1836ರಲ್ಲಿ ಸಾವಿರಾರು ಜನರನ್ನು, ಕೆಲವರನ್ನು ಸಂಕೋಲೆ ತೊಡಿಸಿ, ಪಶ್ಚಿಮಕ್ಕೆ ಅಟ್ಟಲಾಯಿತು. ಅವರಲ್ಲಿ ಮೆನಾವನೂ ಇದ್ದ, ಒಪೊತ್ಲೆಯಹೋಲನೂ ಇದ್ದ.

ಒಡಕು ಹೊಸ ನೆಲಕ್ಕೂ ಜೊತೆಯಲ್ಲೇ ಹೋಯಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾದಾಗ ಮ್ಯಾಕಿಂಟಾಷ್‌ನ ಮಕ್ಕಳು ದಕ್ಷಿಣದ ರಾಜ್ಯಗಳ ಪರ ನಿಂತರು. ವೃದ್ಧ ಒಪೊತ್ಲೆಯಹೋಲ ಒಕ್ಕೂಟ ಸರ್ಕಾರಕ್ಕೆ ನಿಷ್ಠರಾದ ಸಾವಿರಾರು ಜನರನ್ನು ಕರೆದುಕೊಂಡು, ದಾರಿಯುದ್ದಕ್ಕೂ ದಾಳಿಗಳನ್ನು ಎದುರಿಸುತ್ತ, ಕೊರೆಯುವ ಚಳಿಯಲ್ಲಿ ಕಾನ್ಸಾಸ್‌ಗೆ ಹೋದ. 1863ರಲ್ಲಿ ಅಲ್ಲೇ ತೀರಿಕೊಂಡ. ಯುದ್ಧ ಮುಗಿದ ಮೇಲೆ, 1866ರಲ್ಲಿ ಸರ್ಕಾರ ಇಡೀ ಜನಾಂಗವನ್ನು ದಂಡಿಸಿ ಅವರ ಹೊಸ ನೆಲದ ಅರ್ಧದಷ್ಟನ್ನು, ಸುಮಾರು 32 ಲಕ್ಷ ಎಕರೆಯನ್ನು, ಎಕರೆಗೆ 30 ಸೆಂಟಿನಂತೆ ಪಡೆಯಿತು. ಫೋರ್ಟ್ ಜಾಕ್ಸನ್‌ನಲ್ಲಿ ಮಿತ್ರನಿಗೂ ಶತ್ರುವಿಗೂ ಒಂದೇ ದಂಡ. ಐವತ್ತೆರಡು ವರ್ಷಗಳ ನಂತರ ನಿಷ್ಠನಿಗೂ ಬಂಡಾಯಗಾರನಿಗೂ ಒಂದೇ ದಂಡ. ಸಹಿ ಪಡೆಯುವಾಗ ಬಣಬಣವಾಗಿ ಕಾಣುತ್ತಿದ್ದ ಕ್ರೀಕರು, ಕಸಿಯುವ ಹೊತ್ತಿಗೆ ಸರ್ಕಾರದ ಕಣ್ಣಿಗೆ ಒಂದೇ ಜನವಾಗಿ ಕಾಣುತ್ತಿದ್ದರು.

ವಲಸೆ ಹೇಗಿದ್ದರೂ ತಪ್ಪದು, ಒಳ್ಳೆಯ ಬೆಲೆ ಸಿಗುವಾಗಲೇ ಹೋಗುವುದು ಜಾಣತನ ಎಂದು ಮ್ಯಾಕಿಂಟಾಷ್ ಭಾವಿಸಿದ್ದನೆಂಬ ವಾದವನ್ನು ನಾನು ತಳ್ಳಿಹಾಕಲಾರೆ. ಹತ್ತೇ ವರ್ಷಗಳಲ್ಲಿ ಅವನ ಭವಿಷ್ಯ ನಿಜವಾಯಿತು. ಆದರೆ ಅದು ನಿಜವಾಗಲು ಅವನಂಥವರ ಸಹಿಗಳೂ ಕಾರಣವಾದವು. ಅವನ ಲೆಕ್ಕ ಸರಿಯಿತ್ತೆಂದೇ ಇಟ್ಟುಕೊಂಡರೂ, ಆ ಲೆಕ್ಕವನ್ನು ಅವನು ಸಭೆಯ ಮುಂದಿಟ್ಟು ಒಪ್ಪಿಸಬೇಕಿತ್ತು. ಸಭೆ ಬೇಡವೆಂದ ಮೇಲೆ ಬೆರಳೆಣಿಕೆಯ ಜನರನ್ನು ಕೂಡಿಸಿಕೊಂಡು, ತನ್ನ ಪಾಲಿನ ಹಣವನ್ನು ಬೇರೆಯಾಗಿ ಬರೆಸಿಕೊಂಡು ಮಾರಿದ್ದು ವಾಸ್ತವವಾದವಲ್ಲ. ಅವನ ತಪ್ಪು ಸಣ್ಣದೇನಲ್ಲ. ಆದರೆ ಅಧಿಕಾರವಿಲ್ಲದ ಕೈಯ ಸಹಿಗಾಗಿ ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಅಲೆದವರ, ತಮ್ಮದೇ ಪ್ರತಿನಿಧಿಯ ಎಚ್ಚರಿಕೆಯನ್ನು ಬದಿಗಿಟ್ಟವರ ತಪ್ಪು ಅದಕ್ಕಿಂತ ದೊಡ್ಡದು. ಅವರಲ್ಲಿ ಯಾರ ಮನೆಗೂ ಬೆಂಕಿ ಬೀಳಲಿಲ್ಲ.

ಅಂದಿನ ಕಾಗದಗಳು ಇನ್ನೂ ಸತ್ತಿಲ್ಲ. 2020ರ ಜುಲೈನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಓಕ್ಲಹಾಮಾದಲ್ಲಿ ಕ್ರೀಕರಿಗೆ ಮೀಸಲಿಟ್ಟ ಭೂಪ್ರದೇಶವನ್ನು ಕಾಂಗ್ರೆಸ್ ಎಂದೂ ರದ್ದುಮಾಡಿಲ್ಲ, ಅಪರಾಧ ಕಾನೂನಿನ ಮಟ್ಟಿಗೆ ಅದು ಇಂದಿಗೂ ಮೂಲನಿವಾಸಿಗಳ ನಾಡೇ ಎಂದು ತೀರ್ಪಿತ್ತಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅವರನ್ನು ಒಕ್ಕಲೆಬ್ಬಿಸುವಾಗ ಕೊಟ್ಟಿದ್ದ ಮಾತನ್ನೇ ನ್ಯಾಯಾಲಯ ಎತ್ತಿ ಹಿಡಿಯಿತು. ಜಾರ್ಜಿಯಾದ ನೆಲ ಮರಳಿ ಬರುವುದಿಲ್ಲ. ಅಲ್ಲಿ ಮ್ಯಾಕಿಂಟಾಷ್ ಕಟ್ಟಿಸಿದ ಹೋಟೆಲ್ ಮಾತ್ರ ಇಂದು ವಸ್ತುಸಂಗ್ರಹಾಲಯವಾಗಿ ನಿಂತಿದೆ. ಅವನು ಮಾರಿದ ನೆಲದ ಮೇಲೆ, ಅವನ ಜನರಿಲ್ಲದ ಊರಿನಲ್ಲಿ.