ಹಡಗಿನ ಓಲಾಟವನ್ನು ಅಳೆದ ವಿಲಿಯಂ ಫ್ರೂಡ್

ಮಕ್ಕಳೇ, ವಿದುರಾಶ್ವತ್ಥದ ಪಕ್ಕದಲ್ಲೇ ಉತ್ತರ ಪಿನಾಕಿನಿ ಇದ್ದರೂ ಅದರಲ್ಲಿ ದೋಣಿ ಸಾಗುವುದನ್ನು ನೀವು ಕಂಡಿರಲಾರಿರಿ. ವರ್ಷದ ಬಹುಪಾಲು ಅಲ್ಲಿ ಕಾಣುವುದು ಮರಳೇ. ಆದರೆ ಹುಲ್ಲು ಹೇರಿದ ಟ್ರ್ಯಾಕ್ಟರನ್ನು ಎಲ್ಲರೂ ನೋಡಿದ್ದೀರಿ. ರಾಗಿ ಹುಲ್ಲನ್ನು ಎತ್ತರಕ್ಕೆ ಹೇರಿಕೊಂಡು ಬರುವಾಗ ಒಂದು ಚಕ್ರ ಗುಂಡಿಗೆ ಇಳಿದರೆ ಸಾಕು, ಹಿಂದೆ ಬರುವವರೆಲ್ಲ ಕೂಗಿಕೊಳ್ಳುತ್ತಾರೆ. ಅಷ್ಟೇ ತೂಕದ ಕಲ್ಲುಚಪ್ಪಡಿ ಹೇರಿದ್ದರೆ ಅಷ್ಟು ಭಯವಿಲ್ಲ. ತೂಕ ಒಂದೇ ಆದರೂ ಅದು ಇರುವ ಎತ್ತರ ಬೇರೆ. ಗಟ್ಟಿ ನೆಲದ ಮೇಲೆಯೇ ಹೀಗಾದರೆ, ಏಳುತ್ತ ಬೀಳುತ್ತ ಇರುವ ಅಲೆಗಳ ಮೇಲೆ ಹಡಗಿನ ಪಾಡೇನು? ಈ ಪ್ರಶ್ನೆಯ ಬೆನ್ನು ಹತ್ತಿ ತಮ್ಮ ಬಾಳಿನ ಕೊನೆಯ ಇಪ್ಪತ್ತಕ್ಕೂ ಹೆಚ್ಚು ವರ್ಷಗಳನ್ನು ಕಳೆದವರು ವಿಲಿಯಂ ಫ್ರೂಡ್. ಹಡಗು ಕಟ್ಟುವ ವಿದ್ಯೆ ಕಲಿಯುವವರೆಲ್ಲರಿಗೂ ಇಂದಿಗೂ ಇವರ ಹೆಸರು ಗೊತ್ತು.

ಫ್ರೂಡ್ ಹುಟ್ಟಿದ್ದು 1810ರ ನವೆಂಬರ್ 28ರಂದು, ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಡಾರ್ಟಿಂಗ್‌ಟನ್ ಎಂಬ ಊರಿನಲ್ಲಿ. ತಂದೆ ಪಾದ್ರಿ. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಗಣಿತ ಓದಿದ ಫ್ರೂಡ್ ಮೊದಲು ಸೇರಿದ್ದು ರೈಲು ಹಾದಿ ಹಾಕುವ ಕೆಲಸಕ್ಕೆ. ಅಲ್ಲಿ ಅವರ ಮೇಲಧಿಕಾರಿಯಾಗಿದ್ದವರು ಆ ಕಾಲದ ಹೆಸರಾಂತ ಎಂಜಿನಿಯರ್ ಇಸಂಬಾರ್ಡ್ ಬ್ರೂನೆಲ್. ಕೆಲ ವರ್ಷಗಳ ನಂತರ, 1846ರಲ್ಲಿ, ಫ್ರೂಡ್ ಆ ಕೆಲಸ ಬಿಟ್ಟು ತಂದೆಯ ಬಳಿಗೆ ಹೋದರು. ಬ್ರೂನೆಲ್ ಮಾತ್ರ ಅವರನ್ನು ಮರೆಯಲಿಲ್ಲ.

ಬ್ರೂನೆಲ್ ಆಗ ‘ಗ್ರೇಟ್ ಈಸ್ಟರ್ನ್’ ಎಂಬ ಕಬ್ಬಿಣದ ಹಡಗನ್ನು ಕಟ್ಟಿಸುತ್ತಿದ್ದರು. ಅದರ ಉದ್ದ 211 ಮೀಟರ್. ಅಷ್ಟು ದೊಡ್ಡ ಹಡಗನ್ನು ಅದುವರೆಗೆ ಯಾರೂ ಕಟ್ಟಿರಲಿಲ್ಲ. ಇಷ್ಟು ದೊಡ್ಡದು ಅಲೆಗಳ ಮೇಲೆ ಎಷ್ಟು ಓಲಾಡೀತು? ಲೆಕ್ಕ ಹಾಕಿ ತಿಳಿಸುವಂತೆ ಬ್ರೂನೆಲ್ ಫ್ರೂಡ್ ಅವರನ್ನು ಕೇಳಿಕೊಂಡರು. 1859ರಲ್ಲಿ ಬ್ರೂನೆಲ್ ತೀರಿಕೊಂಡರು. ಫ್ರೂಡ್ ಲೆಕ್ಕವನ್ನು ನಿಲ್ಲಿಸಲಿಲ್ಲ.

ಇಲ್ಲಿ ಸ್ವಲ್ಪ ವಿಜ್ಞಾನ ತಿಳಿದುಕೊಳ್ಳೋಣ. ಹಡಗಿನ ತೂಕವೆಲ್ಲ ಒಂದೇ ಬಿಂದುವಿನಲ್ಲಿ ಕೂಡಿದೆಯೋ ಎಂಬಂತೆ ಕೆಳಕ್ಕೆ ಎಳೆಯುತ್ತದೆ. ಆ ಬಿಂದುವೇ ಗುರುತ್ವ ಕೇಂದ್ರ. ನೀರು ಹಡಗನ್ನು ಮೇಲಕ್ಕೆ ತಳ್ಳುತ್ತದೆ. ಹಡಗು ಒಂದು ಕಡೆ ವಾಲಿದಾಗ ಆ ಕಡೆಯ ಹೆಚ್ಚು ಭಾಗ ನೀರಿನಲ್ಲಿ ಮುಳುಗುತ್ತದೆ. ಆದ್ದರಿಂದ ನೀರಿನ ತಳ್ಳುವಿಕೆಯೂ ಆ ಕಡೆಗೇ ಸರಿದು ಹಡಗನ್ನು ಮತ್ತೆ ನೆಟ್ಟಗೆ ಮಾಡುತ್ತದೆ. ಗುರುತ್ವ ಕೇಂದ್ರ ತೀರಾ ಮೇಲಿದ್ದರೆ ಹಡಗು ನೆಟ್ಟಗಾಗದೆ ಮಗುಚಿಕೊಳ್ಳುತ್ತದೆ. ಫ್ರೆಂಚ್ ವಿಜ್ಞಾನಿ ಪಿಯರ್ ಬುಗೇ ಇದನ್ನು 1746ರಲ್ಲೇ ವಿವರಿಸಿದ್ದರು.

ಹಾಗಾದರೆ ಭಾರವನ್ನೆಲ್ಲ ತಳದಲ್ಲಿ ಇಟ್ಟರೆ ಆಯಿತಲ್ಲ ಎಂದು ನಿಮಗೆ ಅನ್ನಿಸಬಹುದು. ಆಗ ಮಗುಚುವ ಭಯವೇನೋ ಕಡಿಮೆಯಾಗುತ್ತದೆ, ಆದರೆ ಹಡಗು ಬೇಗ ಬೇಗ, ಜಗ್ಗಿ ಎಳೆದಂತೆ ಓಲಾಡತೊಡಗುತ್ತದೆ. ಒಳಗಿದ್ದವರು ನಿಲ್ಲಲಾರರು, ಸಾಮಾನುಗಳು ಕಿತ್ತು ಬೀಳುತ್ತವೆ. ಹೀಗೇಕೆ ಎಂಬುದನ್ನು ಫ್ರೂಡ್ 1861ರಲ್ಲಿ ಹಡಗು ಎಂಜಿನಿಯರುಗಳ ಸಭೆಯ ಮುಂದಿಟ್ಟರು. ಉಯ್ಯಾಲೆಗೆ ತನ್ನದೇ ಆದ ತೂಗುವ ವೇಳೆ ಇರುತ್ತದೆ ಅಲ್ಲವೇ? ಆ ವೇಳೆಗೆ ಸರಿಯಾಗಿ ತಳ್ಳುತ್ತ ಹೋದರೆ ಪುಟ್ಟ ತಂಗಿಯೂ ದೊಡ್ಡ ಅಣ್ಣನನ್ನು ಎತ್ತರಕ್ಕೆ ತೂಗಬಲ್ಲಳು. ಹಡಗೂ ಒಂದು ಉಯ್ಯಾಲೆ, ಅಲೆಗಳು ಅದನ್ನು ತಳ್ಳುವ ಕೈಗಳು. ಅಲೆಗಳು ಬರುವ ವೇಳೆಯೂ ಹಡಗು ಓಲಾಡುವ ವೇಳೆಯೂ ಒಂದೇ ಆದರೆ ಓಲಾಟ ಬೆಳೆಯುತ್ತಲೇ ಹೋಗುತ್ತದೆ. ಇದನ್ನು ಅನುರಣನೆ ಎನ್ನುತ್ತಾರೆ. ಆದ್ದರಿಂದ ಭಾರ ಮಗುಚದಷ್ಟು ಕೆಳಗಿರಬೇಕು, ಜಗ್ಗದಷ್ಟು ಮೇಲಿರಬೇಕು. ಈ ಎರಡರ ನಡುವಿನ ಜಾಗವನ್ನು ಲೆಕ್ಕದಿಂದ ಹುಡುಕಬಹುದೆಂದು ತೋರಿಸಿದ್ದೇ ಫ್ರೂಡ್ ಅವರ ಹೆಚ್ಚುಗಾರಿಕೆ.

ಲೆಕ್ಕ ಸರಿ, ಅದನ್ನು ಪರೀಕ್ಷಿಸುವುದು ಹೇಗೆ? ಕೋಟಿಗಟ್ಟಲೆ ಬೆಲೆಯ ಹಡಗನ್ನು ಬಿರುಗಾಳಿಗೆ ಬಿಟ್ಟು ನೋಡಲಾದೀತೇ? ಫ್ರೂಡ್ ಪುಟ್ಟ ಮಾದರಿಗಳನ್ನು ಮಾಡಿದರು. 1867ರಲ್ಲಿ ಡಾರ್ಟ್ ನದಿಯಲ್ಲಿ ಎರಡು ಬಗೆಯ ಮಾದರಿಗಳನ್ನು ಎಳೆಸಿದರು. ಒಂದಕ್ಕೆ ಹಂಸ ಎಂಬ ಅರ್ಥದ ಹೆಸರು, ಇನ್ನೊಂದಕ್ಕೆ ಕಾಗೆಯ ಜಾತಿಯ ಹಕ್ಕಿಯೊಂದರ ಹೆಸರು. ಪ್ರತಿಯೊಂದೂ 3, 6 ಮತ್ತು 12 ಅಡಿಯ ಮೂರು ಅಳತೆಗಳಲ್ಲಿ. ಆಟಿಕೆ ದೋಣಿಯಿಂದ ನಿಜವಾದ ಹಡಗಿನ ಲೆಕ್ಕ ಸಿಗದು ಎಂಬುದು ಆಗಿನ ಹಲವು ದೊಡ್ಡ ತಜ್ಞರ ನಿಲುವಾಗಿತ್ತು. ಆದರೂ 1870ರಲ್ಲಿ ಬ್ರಿಟಿಷ್ ನೌಕಾಪಡೆ ಹಣ ಕೊಡಲು ಒಪ್ಪಿತು. ಟಾರ್ಕಿ ಪಟ್ಟಣದಲ್ಲಿ ಫ್ರೂಡ್ ಅವರ ಮನೆಯ ಬಳಿಯೇ ಸುಮಾರು 85 ಮೀಟರ್ ಉದ್ದದ ನೀರಿನ ತೊಟ್ಟಿ ಸಿದ್ಧವಾಗತೊಡಗಿತು. ಮೇಣದಲ್ಲಿ ಮಾಡಿದ ಹಡಗಿನ ಮಾದರಿಗಳನ್ನು ಅದರಲ್ಲಿ ಎಳೆದು ಅಳೆಯುವುದು ಯೋಜನೆ.

ಅದೇ ವರ್ಷ ಸೆಪ್ಟೆಂಬರ್ 7ರಂದು, ಮಧ್ಯರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, ಸ್ಪೇನ್ ತೀರದಾಚೆ ಬ್ರಿಟಿಷ್ ನೌಕಾಪಡೆಯ ‘ಕ್ಯಾಪ್ಟನ್’ ಎಂಬ ಹೊಸ ಯುದ್ಧನೌಕೆ ಗಾಳಿಯ ಹೊಡೆತಕ್ಕೆ ಮಗುಚಿ ಮುಳುಗಿತು. ಅದರ ಮೇಲೆ ಭಾರವಾದ ಫಿರಂಗಿ ಗೋಪುರಗಳಿದ್ದವು, ಎತ್ತರದ ಪಟಸ್ತಂಭಗಳಿದ್ದವು. ಕಟ್ಟುವಾಗ ಲೆಕ್ಕಕ್ಕಿಂತ ನೂರಾರು ಟನ್ ಭಾರ ಹೆಚ್ಚಾಗಿ, ನೀರಿನಿಂದ ಮೇಲಿರಬೇಕಾದ ಅಂಚು ತಗ್ಗಿಹೋಗಿತ್ತು. ಸುಮಾರು 480 ಜನ ಸತ್ತರು. ಹಡಗನ್ನು ರೂಪಿಸಿದ ಕೂಪರ್ ಕೋಲ್ಸ್ ಕೂಡ ಅವರಲ್ಲೊಬ್ಬರು. ಅದೇ ಗಾಳಿಯಲ್ಲಿ ಅದೇ ಪಡೆಯಲ್ಲಿದ್ದ ‘ಮೊನಾರ್ಕ್’ ಹಡಗು ಉಳಿದುಕೊಂಡಿತು. ಹೀಗೆ ಭಾರದ ಲೆಕ್ಕ ಎಂಬುದು ಜೀವದ ಲೆಕ್ಕವಾಯಿತು. ಯುದ್ಧನೌಕೆಗಳ ವಿನ್ಯಾಸ ಪರಿಶೀಲಿಸಲು ನೇಮಿಸಿದ ಸಮಿತಿಗೆ ಫ್ರೂಡ್ ಅವರನ್ನೂ ಸೇರಿಸಿಕೊಂಡರು. ಆ ಸಮಿತಿಯ ಅಧ್ಯಕ್ಷರಾಗಿದ್ದ ಡಫರಿನ್ ಮುಂದೆ ಭಾರತದ ವೈಸರಾಯ್ ಆಗಿ ಬಂದರು.

ಫ್ರೂಡ್ ಅವರ ಮುಂದೆ ಇನ್ನೊಂದು ಕೆಲಸವಿತ್ತು. ಭಾರ ಸರಿಯಾದ ಜಾಗದಲ್ಲಿದ್ದರೂ ಓಲಾಟ ಪೂರ್ತಿ ಹೋಗುವುದಿಲ್ಲ. ಅದಕ್ಕೆ ಬ್ರೇಕ್ ಬೇಕು. ಹಡಗಿನ ಹೊಟ್ಟೆ ದುಂಡಗೆ ತಿರುಗುವ ಕಡೆ, ನೀರಿನೊಳಗೆ, ಎರಡೂ ಪಕ್ಕದಲ್ಲಿ ಉದ್ದನೆಯ ಪಟ್ಟಿಗಳನ್ನು ರೆಕ್ಕೆಗಳಂತೆ ಕೂರಿಸುತ್ತಾರೆ. ಇವಕ್ಕೆ ಬಿಲ್ಜ್ ಕೀಲ್ ಎಂದು ಹೆಸರು. ಇವು ಹಡಗಿನ ಉದ್ದಕ್ಕೇ ಇರುವುದರಿಂದ ಮುಂದಕ್ಕೆ ಸಾಗುವಾಗ ಹೆಚ್ಚು ಅಡ್ಡಿ ಮಾಡುವುದಿಲ್ಲ. ಹಡಗು ಪಕ್ಕಕ್ಕೆ ಓಲಾಡಿದರೆ ಮಾತ್ರ ನೀರಿಗೆ ಅಡ್ಡವಾಗಿ ತಡೆಯುತ್ತವೆ. ಅಗಲ ಕಡಿಮೆಯಾದ ಇಂತಹ ಪಟ್ಟಿಯಿಂದ ದೊಡ್ಡ ಹಡಗಿಗೆ ಏನಾದೀತು ಎಂಬ ಸಂಶಯ ಸಹಜವೇ. 1872ರಲ್ಲಿ ಒಂದೇ ಬಗೆಯ ಎರಡು ಹಡಗುಗಳನ್ನು ಅಲೆಗಳ ನಡುವೆ ಅಕ್ಕಪಕ್ಕ ನಿಲ್ಲಿಸಿದರು. ‘ಗ್ರೇಹೌಂಡ್’ಗೆ ಪಟ್ಟಿಗಳಿದ್ದವು, ‘ಪರ್ಸಿಯಸ್’ಗೆ ಇರಲಿಲ್ಲ. ಪಟ್ಟಿಯಿದ್ದ ಹಡಗು ಇನ್ನೊಂದರ ಸುಮಾರು ಅರ್ಧದಷ್ಟು ಮಾತ್ರ ಓಲಾಡಿತು.

ಇದೇ ಗ್ರೇಹೌಂಡನ್ನು ಅದಕ್ಕೆ ಮುಂಚೆಯೇ ಇನ್ನೊಂದು ಹಡಗಿನಿಂದ ಎಳೆಸಿ, ನೀರು ಎಷ್ಟು ತಡೆಯುತ್ತದೆ ಎಂದು ಅಳೆದಿದ್ದರು. ಉದ್ದದಲ್ಲಿ ಹದಿನಾರರ ಒಂದು ಭಾಗವಿದ್ದ ಮಾದರಿಯನ್ನು ಹಡಗಿನ ವೇಗದ ಹದಿನಾರನೇ ಒಂದರಲ್ಲಿ ಅಲ್ಲ, ನಾಲ್ಕನೇ ಒಂದರಲ್ಲಿ ಎಳೆಯಬೇಕು ಎಂಬುದು ಫ್ರೂಡ್ ಕಂಡುಕೊಂಡ ನಿಯಮ. ಹದಿನಾರರ ವರ್ಗಮೂಲ ನಾಲ್ಕು ತಾನೇ! ಮಾದರಿಯಿಂದ ಕಟ್ಟಿದ ಲೆಕ್ಕವೂ ನಿಜವಾದ ಹಡಗಿನ ಅಳತೆಯೂ ಚೆನ್ನಾಗಿ ಹೊಂದಿಕೊಂಡವು. ನನಗಂತೂ ಅವರ ಕೆಲಸದಲ್ಲೆಲ್ಲ ಇದೇ ಅತಿ ಸುಂದರವಾದದ್ದು.

1878ರಲ್ಲಿ ಪತ್ನಿ ತೀರಿಕೊಂಡ ಮೇಲೆ ಫ್ರೂಡ್ ನೌಕಾಪಡೆಯ ಅತಿಥಿಯಾಗಿ ಹಡಗೊಂದರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೊರಟರು. ಅಲ್ಲಿಯೇ ಕಾಯಿಲೆಯಾಗಿ 1879ರ ಮೇ 4ರಂದು ಸೈಮನ್ಸ್‌ಟೌನ್ ಬಂದರಿನಲ್ಲಿ ತೀರಿಕೊಂಡರು. ನಾವಿಕರಲ್ಲದ ಅವರನ್ನು ನೌಕಾಪಡೆಯ ಗೌರವದೊಂದಿಗೆ ಮಣ್ಣು ಮಾಡಿದರು. ತೊಟ್ಟಿಯ ಕೆಲಸವನ್ನು ಮಗ ಎಡ್ಮಂಡ್ ಮುಂದುವರಿಸಿದರು.

ಇಂದು ಮೋಟಾರು ದೋಣಿಗಳಲ್ಲಿ ಎಂಜಿನ್ ಮತ್ತು ಡೀಸೆಲ್ ಟ್ಯಾಂಕನ್ನು ತಳಭಾಗದಲ್ಲಿ ಇಡುತ್ತಾರೆ. ಮಲ್ಪೆಯ ದೊಡ್ಡ ಮೀನುಗಾರಿಕಾ ದೋಣಿಗಳಲ್ಲಿ ಮಂಜುಗಡ್ಡೆ ಮತ್ತು ಮೀನು ತುಂಬುವುದು ಅಟ್ಟದ ಕೆಳಗಿನ ಕೋಣೆಯಲ್ಲಿ. ಫ್ರೂಡ್ ನಿಯಮ ಬಳಕೆಯಾಗುವುದು ಸಮುದ್ರದಲ್ಲಿ ಮಾತ್ರವೂ ಅಲ್ಲ. ಅಣೆಕಟ್ಟಿನ ಕೋಡಿಯಿಂದ ನೀರು ಹೇಗೆ ಧುಮುಕುತ್ತದೆ ಎಂದು ಸಣ್ಣ ಮಾದರಿ ಕಟ್ಟಿ ನೋಡುವಾಗಲೂ ಅದೇ ನಿಯಮ ಬೇಕು. ಕೃಷ್ಣರಾಜಸಾಗರದ ಬಳಿ ಇರುವ ಕರ್ನಾಟಕ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರದಲ್ಲಿ ಅಂತಹ ಮಾದರಿಗಳನ್ನು ಕಟ್ಟಿ ಪರೀಕ್ಷಿಸುತ್ತ ಬಂದಿದ್ದಾರೆ.

ನೀವೂ ಮಾಡಿ ನೋಡಿ. ಉದ್ದನೆಯ ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ ಕೆಲವು ಬೆಣಚುಕಲ್ಲು ಅಂಟಿಸಿ ನೀರು ತುಂಬಿದ ದೊಡ್ಡ ಬೋಗುಣಿಯಲ್ಲಿ ತೇಲಿಬಿಡಿ. ಕೆರೆಗೆ ಹೋಗಬೇಡಿ. ಒಂದು ಪಕ್ಕ ಬೆರಳಿನಿಂದ ಒತ್ತಿ ಬಿಟ್ಟು, ನಿಲ್ಲುವವರೆಗೆ ಎಷ್ಟು ಸಲ ಓಲಾಡಿತೆಂದು ಎಣಿಸಿ. ಆಮೇಲೆ ಹಳೆಯ ಪ್ಲಾಸ್ಟಿಕ್ ಸ್ಕೇಲನ್ನು ಕತ್ತರಿಸಿದ ಎರಡು ತುಂಡುಗಳನ್ನು ಡಬ್ಬಿಯ ತಳದ ಎರಡು ಉದ್ದದ ಅಂಚುಗಳಿಗೆ ಓರೆಯಾಗಿ, ಹೊರಕ್ಕೆ ಚಾಚುವಂತೆ ಅಂಟಿಸಿ ಮತ್ತೆ ಎಣಿಸಿ. ಎರಡೂ ಸಂಖ್ಯೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು ನಿಮ್ಮ ಮೇಷ್ಟ್ರಿಗೋ ಟೀಚರಿಗೋ ತೋರಿಸಿ.