ಕೈಗೊಪ್ಪುವ ಹಿಡಿ: ಗಾಲ್ಫ್ ವೀರ ಹ್ಯಾರಿ ವಾರ್ಡನ್

ಗುದ್ದಲಿಯ ಕಾವು ಕೈಗೆ ಒಗ್ಗದಿದ್ದರೆ ಅರ್ಧ ದಿನದಲ್ಲೇ ಅಂಗೈಯಲ್ಲಿ ಬೊಬ್ಬೆ ಏಳುತ್ತದೆ. ಆಂಧ್ರಕ್ಕೆ ಸೇರಿದ ಕನ್ನಡ ಸೀಮೆ ಅಮರಾಪುರದಲ್ಲಿ ನೆಲಗಡಲೆ ಹೊಲ ಮಾಡುವವರಿಗಾಗಲಿ, ಇಲ್ಲಿ ಅಡಿಕೆ ತೋಟದಲ್ಲಿ ಹಾರೆ ಹಿಡಿಯುವವರಿಗಾಗಲಿ ಇದನ್ನು ನಾವು ಹೇಳಿಕೊಡಬೇಕಾಗಿಲ್ಲ. ಸಾಹೇಬರ ಆಟವೆನಿಸಿದ ಗಾಲ್ಫ್‌ಗೂ ಈ ಮಾತು ಸಲ್ಲುತ್ತದೆಂದು ತೋರಿಸಿದವರು ಒಬ್ಬ ತೋಟಗಾರನ ಮಗ, ಹ್ಯಾರಿ ವಾರ್ಡನ್.

ಅವರು ಹುಟ್ಟಿದ್ದು 1870ರ ಮೇ 9ರಂದು, ಫ್ರಾನ್ಸಿನ ಕರಾವಳಿಗೆ ಸಮೀಪದ ಜೆರ್ಸಿ ದ್ವೀಪದ ಗ್ರೂವಿಲ್‌ನಲ್ಲಿ. ಇಂಗ್ಲಿಷರ ಆಳ್ವಿಕೆಯಿದ್ದರೂ ಫ್ರೆಂಚಿಗೆ ಹತ್ತಿರವಾದ ತನ್ನದೇ ಆಡುಮಾತನ್ನು ಉಳಿಸಿಕೊಂಡಿದ್ದ ನಾಡು ಅದು. ಬಾಲಕನಾಗಿದ್ದಾಗ ಊರಿನ ಕಡಲತೀರದಲ್ಲಿ ಗಾಲ್ಫ್ ಮೈದಾನವಾಯಿತು. ಬಡಮಕ್ಕಳಿಗೆ ಕೋಲು ಕೊಳ್ಳುವ ಶಕ್ತಿಯೆಲ್ಲಿ? ಓಕ್ ಮರದ ತುಂಡಿಗೆ ಕಾಯಿಸಿದ ಕಬ್ಬಿಣದಿಂದ ತೂತು ಕೊರೆದು, ಮುಳ್ಳುಗಿಡದ ಕೋಲನ್ನು ಅದಕ್ಕೆ ಬಿಗಿದು, ಗೋಲಿಯನ್ನೇ ಚೆಂಡು ಮಾಡಿಕೊಂಡು ಆಡಿದರು. ಕಾವು ಕೂರಿಸುವ ವಿದ್ಯೆ ಹೀಗೆ ಆಟಕ್ಕಿಂತ ಮೊದಲೇ ಅವರಿಗೆ ಬಂತು.

1890ರಲ್ಲಿ ಇಂಗ್ಲೆಂಡಿಗೆ ಹೋಗಿ ವೃತ್ತಿ ಆಟಗಾರರಾದರು. ಆಗ ಕೋಲಿಗೆ ಬಟ್ಟೆಯ ಪಟ್ಟಿ ಸುತ್ತಿ, ಮೇಲೆ ಚರ್ಮ ಸುತ್ತಿ, ತುದಿಗಳನ್ನು ದಾರದಿಂದ ಬಿಗಿಯುತ್ತಿದ್ದರು. ಹಳೆಯ ಹಿಡಿ ಬಿಚ್ಚಿ ಹೊಸದನ್ನು ಸುತ್ತುವುದು ಆ ವೃತ್ತಿಯವರ ಕೆಲಸಗಳಲ್ಲಿ ಒಂದು. ಪಟ್ಟಿ ಹೆಚ್ಚಿಸಿದರೆ ಹಿಡಿ ದಪ್ಪ, ಕಡಿಮೆ ಮಾಡಿದರೆ ಸಪೂರ.

ವಾರ್ಡನ್ನರ ಕೈಗಳು ದೊಡ್ಡವು. ಅವರು ಬಲಗೈಯ ಕಿರುಬೆರಳನ್ನು ಎಡಗೈಯ ತೋರುಬೆರಳು ಮತ್ತು ನಡುಬೆರಳುಗಳ ಸಂದಿನ ಮೇಲಿರಿಸಿ, ಎರಡು ಕೈಗಳೂ ಒಂದಾಗಿ ದುಡಿಯುವಂತೆ ಮಾಡಿಕೊಂಡರು. ಸ್ಕಾಟ್ಲೆಂಡಿನ ಜಾನಿ ಲೇಡ್ಲಿ ಇದನ್ನು ಮೊದಲೇ ಬಳಸಿದ್ದರೂ, ಲೋಕ ಇದಕ್ಕೆ ಕೊಟ್ಟ ಹೆಸರು ವಾರ್ಡನ್ ಹಿಡಿತ. 1896, 1898 ಮತ್ತು 1899ರಲ್ಲಿ ಬ್ರಿಟಿಷ್ ಓಪನ್ ಅವರ ಪಾಲಾಯಿತು. 1900ರಲ್ಲಿ ಅಮೆರಿಕದ ಓಪನ್ ಕೂಡ.

1903ರಲ್ಲಿ ನಾಲ್ಕನೆಯ ಸಲ ಗೆದ್ದಾಗ ಕ್ಷಯ ಅವರ ಮೈಯನ್ನು ತಿನ್ನುತ್ತಿತ್ತು. ಎರಡನೆಯವರಾಗಿ ಬಂದವರು ಸ್ವಂತ ತಮ್ಮ ಟಾಮ್. ಕ್ಷಯಕ್ಕೆ ಮದ್ದಿಲ್ಲದ ಕಾಲ, ಆರೋಗ್ಯಧಾಮ ಸೇರಬೇಕಾಯಿತು. ಬದುಕಿ ಬಂದರೂ ಹೆಸರು ತಂದ ಕೈಯೇ ಕೈಕೊಟ್ಟಿತು. ಹತ್ತಿರದ ಗುಳಿಗೆ ಚೆಂಡು ತಳ್ಳುವಾಗ ಬಲಗೈ ನಡುಗುತ್ತಿತ್ತು. ಆದರೂ 1911ರಲ್ಲಿ, ಮತ್ತೆ 1914ರಲ್ಲಿ ಗೆದ್ದರು. ಆರು ಬಾರಿ ಬ್ರಿಟಿಷ್ ಓಪನ್ ಗೆದ್ದ ಆ ದಾಖಲೆಯನ್ನು ಈವರೆಗೆ ಯಾರೂ ಮೀರಿಲ್ಲ.

1937ರ ಮಾರ್ಚ್ 20ರಂದು ಅವರು ಲಂಡನ್ ಬಳಿಯ ಟಾಟರಿಡ್ಜ್‌ನಲ್ಲಿ ತೀರಿಕೊಂಡರು. ಎರಡನೆಯ ಮಹಾಯುದ್ಧದ ನಂತರ ಚರ್ಮದ ಜಾಗಕ್ಕೆ ನಮ್ಮ ಗುಡ್ಡಗಳಿಗೂ ಪರಿಚಿತವಾದ ರಬ್ಬರು ಬಂತು. ರಬ್ಬರು ಗಟ್ಟಿಯಾಗಿ, ನುಣುಪಾಗಿ ಕೈಯಿಂದ ಜಾರತೊಡಗಿದರೆ ಹಿಡಿ ಬದಲಿಸಬೇಕು. ಬಲಗೈ ಆಟಗಾರ ಎಡಗೈಯಲ್ಲಿ ಕೋಲು ಹಿಡಿದಾಗ ನಡುವಿನ ಎರಡು ಬೆರಳುಗಳ ತುದಿ ಅಂಗೈಯನ್ನು ಹಗುರಾಗಿ ಮುಟ್ಟಿದರೆ ಅಳತೆ ಸರಿ. ಬೆರಳು ಒತ್ತಿ ಚುಚ್ಚಿದರೆ ಹಿಡಿ ಸಪೂರ. ನಡುವೆ ಸಂದು ಉಳಿದರೆ ದಪ್ಪ. ಹಳೆಯದನ್ನು ಕೊಯ್ದು ತೆಗೆದು, ಅಂಟನ್ನು ಪೂರ್ತಿ ಕೆರೆದು, ಎರಡೂ ಬದಿ ಅಂಟಿರುವ ಟೇಪು ಸುತ್ತಬೇಕು. ಅದನ್ನು ದ್ರಾವಕದಿಂದ ತೋಯಿಸಿ, ಹೊಸ ಹಿಡಿಯನ್ನು ಒಂದೇ ಎಳೆತಕ್ಕೆ ತುದಿಯವರೆಗೆ ತೊಡಿಸಬೇಕು. ಟೇಪು ಒದ್ದೆಯಾಗಿರುವಾಗಲೇ ಓರೆಕೋರೆ ತಿದ್ದಿ, ಕೆಲವು ಗಂಟೆ ಒಣಗಲು ಬಿಡಬೇಕು.

ಚರ್ಮ ಹೋಗಿ ರಬ್ಬರು ಬಂದರೂ ಅದರ ಮೇಲೆ ಬೆರಳಿಡುವ ಕ್ರಮ ಹೆಚ್ಚಿನವರಿಗೆ ಇಂದಿಗೂ ವಾರ್ಡನ್ನರದೇ. ಸಾಹೇಬರ ಆಟಕ್ಕೆ ಕೈ ತಿದ್ದಿಕೊಟ್ಟವರು ಗೋಲಿ ಆಡಿ ಬೆಳೆದ ಹುಡುಗ ಎಂಬುದನ್ನು ನಮ್ಮ ಮಕ್ಕಳೂ ತಿಳಿದಿರಲಿ.