ಮತದಿಂದ ಕಿರೀಟ ಪಡೆದ ಕೊನೆಯ ಚಕ್ರವರ್ತಿ

ಸಿಂಹಾಸನವೆಂಬುದು ತಂದೆಯಿಂದ ಮಗನಿಗೆ ಇಳಿದು ಬರುವ ಸೊತ್ತೆಂದೇ ನಾವು ಸಾಮಾನ್ಯವಾಗಿ ಎಣಿಸುತ್ತೇವೆ. ಆದರೆ ಜರ್ಮನ್ ನಾಡುಗಳ ಪವಿತ್ರ ರೋಮನ್ ಸಾಮ್ರಾಜ್ಯದಲ್ಲಿ, ಜಗದ್ಗುರುಗಳನ್ನು ಕಾರ್ಡಿನಲರು ಆರಿಸುವಂತೆ, ಚಕ್ರವರ್ತಿಯನ್ನೂ ಮತದಿಂದಲೇ ಆರಿಸುತ್ತಿದ್ದರು. ಹಾಗೆ ಆಯ್ಕೆಯಾದವರಲ್ಲಿ ಕೊನೆಯವನು ಎರಡನೆಯ ಫ್ರಾನ್ಸಿಸ್.

1768ರ ಫೆಬ್ರವರಿ 12ರಂದು ಫ್ಲಾರೆನ್ಸ್ ನಗರದಲ್ಲಿ ಜನಿಸಿದ ಈತನಿಗೆ, ತಂದೆ ಎರಡನೆಯ ಲಿಯೋಪೋಲ್ಡ್ 1792ರ ಮಾರ್ಚ್ 1ರಂದು ತೀರಿಕೊಂಡಾಗ ಇಪ್ಪತ್ತನಾಲ್ಕೇ ವರ್ಷ. ಆಸ್ಟ್ರಿಯಾ, ಹಂಗೇರಿ, ಬೊಹೀಮಿಯಾಗಳು ಪಿತ್ರಾರ್ಜಿತವಾಗಿ ಬಂದವು. ಚಕ್ರವರ್ತಿ ಪದವಿ ಮಾತ್ರ ಹಾಗೆ ಬರುವಂತಿರಲಿಲ್ಲ. ಅಷ್ಟರಲ್ಲಿ ಏಪ್ರಿಲ್ 20ರಂದು ಫ್ರಾನ್ಸ್ ಅವನ ಮೇಲೆ ಯುದ್ಧ ಸಾರಿತು.

ಆಯ್ಕೆಯ ವಿಧಿಯನ್ನು 1356ರ ಸುವರ್ಣ ಶಾಸನ ಗೊತ್ತುಪಡಿಸಿತ್ತು. ಮತದಾರರು ಮೊದಲು ಪವಿತ್ರಾತ್ಮರ ಬಲಿಪೂಜೆಯಲ್ಲಿ ಭಾಗವಹಿಸಿ, ಸಂತ ಯೊವಾನ್ನರ ಶುಭಸಂದೇಶದ ಎದುರು ಪ್ರಮಾಣ ಮಾಡಬೇಕು. ಮೂವತ್ತು ದಿನಗಳೊಳಗೆ ಆಯ್ಕೆ ಮುಗಿಯದಿದ್ದರೆ ಬಳಿಕ ಅವರಿಗೆ ರೊಟ್ಟಿ ನೀರು ಮಾತ್ರ! 1792ರಲ್ಲಿ ಮತದಾರರು ಎಂಟು ಮಂದಿ. ಮೈಂಜ್, ಟ್ರಿಯರ್, ಕೊಲೋನ್‌ಗಳ ಮಹಾಧರ್ಮಾಧ್ಯಕ್ಷರು ಮೂವರು. ಅವರಲ್ಲಿ ಕೊಲೋನಿನವರು ಫ್ರಾನ್ಸಿಸನ ಸ್ವಂತ ಚಿಕ್ಕಪ್ಪ. ಬೊಹೀಮಿಯಾದ ಮತವು ಅವನದೇ. ಹ್ಯಾನೋವರಿನ ಮತದ ಒಡೆಯನು ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜ್. 1791ರ ಮಾರ್ಚಿನಲ್ಲಿ ಕಾರ್ನ್‌ವಾಲಿಸನ ಸೇನೆ ನಮ್ಮ ಬೆಂಗಳೂರು ಕೋಟೆಯನ್ನು ಹಿಡಿದದ್ದು ಇವನ ಆಳ್ವಿಕೆಯಲ್ಲೇ. ಇಷ್ಟು ಬಂಧುಬಳಗವಿದ್ದ ಮೇಲೆ ಫಲಿತಾಂಶವೇನೆಂಬುದು ಯಾರಿಗೂ ಗುಟ್ಟಾಗಿರಲಾರದು. ಆದರೂ ಇದು ಬರಿಯ ಶಾಸ್ತ್ರವಾಗಿತ್ತೆನ್ನಲು ನಾವು ಒಪ್ಪೆವು. ಆಯ್ಕೆಯಾದವನು ಮತದಾರರು ವಿಧಿಸಿದ ಷರತ್ತುಗಳಿಗೆ ಪ್ರಮಾಣಪೂರ್ವಕ ಕಟ್ಟುಬೀಳಬೇಕಿತ್ತು.

ಜುಲೈ 5ರಂದು ಫ್ರಾಂಕ್‌ಫರ್ಟಿನಲ್ಲಿ ಆಯ್ಕೆ ನಡೆಯಿತು. 14ರಂದು ಅಲ್ಲಿನ ಸಂತ ಬಾರ್ತಲೋಮಿಯನವರ ದೇವಾಲಯದಲ್ಲಿ ಮೈಂಜಿನ ಮಹಾಧರ್ಮಾಧ್ಯಕ್ಷರು ಕಿರೀಟಧಾರಣೆ ನೆರವೇರಿಸಿದರು. ಪ್ಯಾರಿಸಿನಲ್ಲಿ ಬಾಸ್ತೀಲ್ ಸೆರೆಮನೆ ಬಿದ್ದು ಅಂದಿಗೆ ಸರಿಯಾಗಿ ಮೂರು ವರ್ಷ.

ಮುಂದಿನದು ಸೋಲಿನ ಕಥೆ. 1803ರಲ್ಲಿ ಟ್ರಿಯರ್, ಕೊಲೋನ್‌ಗಳ ಮತಾಧಿಕಾರವೇ ಅಳಿಯಿತು. 1805ರಲ್ಲಿ ಆಸ್ಟರ್‌ಲಿಟ್ಜ್‌ನಲ್ಲಿ ನೆಪೋಲಿಯನ್ ಗೆದ್ದನು. ಮರುವರ್ಷ ಹದಿನಾರು ಜರ್ಮನ್ ಅರಸರು ಅವನ ಪಕ್ಷ ಸೇರಿ ಸಾಮ್ರಾಜ್ಯವನ್ನು ತೊರೆದರು. 1806ರ ಆಗಸ್ಟ್ 6ರಂದು, ನಮ್ಮ ದಂಡು ಪ್ರದೇಶ ತಲೆಯೆತ್ತಲು ಇನ್ನೂ ಮೂರು ವರ್ಷಗಳಿರುವಾಗ, ವಿಯೆನ್ನಾದ ನವದೂತವೃಂದಗಳ ದೇವಾಲಯದ ಮೊಗಸಾಲೆಯಿಂದ ಫ್ರಾನ್ಸಿಸನ ಪದತ್ಯಾಗವನ್ನು ಸಾರಲಾಯಿತು. ಪದವಿಯನ್ನಷ್ಟೇ ಬಿಡದೆ, ಸಾಮ್ರಾಜ್ಯದ ಬಂಧನವೇ ಕಳಚಿತೆಂದು ಅವನು ಘೋಷಿಸಿದ್ದನು. ಇತರರು ಕೊಟ್ಟ ಕಿರೀಟವನ್ನು ಇಳಿಸಿಡುವುದು ಅವನ ಹಕ್ಕು. ಮುಂದೆ ಯಾರೂ ಆರಿಸದಂತೆ ಮಾಡುವ ಹಕ್ಕು ಇರಲಿಲ್ಲವೆಂದೇ ನಮ್ಮ ಎಣಿಕೆ. ಆದರೆ ಬರಿದಾದ ಪೀಠಕ್ಕೆ ನೆಪೋಲಿಯನ್ನನೇ ಏರಿಬಿಟ್ಟಾನೆಂಬ ಭಯವೂ ನಿರಾಧಾರವಲ್ಲ.

1804ರಲ್ಲೇ ತಾನಾಗಿ ಧರಿಸಿದ್ದ ಆಸ್ಟ್ರಿಯಾ ಚಕ್ರವರ್ತಿಯೆಂಬ ವಂಶಪಾರಂಪರ್ಯ ಬಿರುದಿನೊಂದಿಗೆ ಫ್ರಾನ್ಸಿಸ್ ಮುಂದೆಯೂ ಆಳಿದನು. 1810ರಲ್ಲಿ ಮಗಳು ಮರಿಯ ಲೂಯಿಸಳನ್ನು ಅದೇ ನೆಪೋಲಿಯನ್ನನಿಗೆ ಧಾರೆಯೆರೆದನು. 1835ರ ಮಾರ್ಚ್ 2ರಂದು ಮಡಿದು, ವಿಯೆನ್ನಾದ ಕಪುಚಿನ್ ಸಭೆಯವರ ದೇವಾಲಯದ ನೆಲಮಾಳಿಗೆಯಲ್ಲಿ ಸಮಾಧಿಯಾದನು. ಹಳೆಯ ಕಿರೀಟ ಅದೇ ನಗರದ ಅರಮನೆಯ ಭಂಡಾರದಲ್ಲಿದೆ.